ಬೂರುಗದಕಟ್ಟೆಯ ನೀರಂಚು

ನಮ್ಮ ಮನೆಯಲ್ಲಿ ಒಂದು ದಿಂಬಿದೆ. ಅದನ್ನು ದಿಂಬು ಎಂದು ಕರೆಯುವವನು ನಾನೊಬ್ಬನೇ. ನನ್ನ ಹೆಂಡತಿ ಶಾಹಿದಾ ಅದಕ್ಕೆ "ಆ ಮೂಟೆ" ಎನ್ನುತ್ತಾಳೆ. ಒಳಗಿನ ಬೂರುಗದ ಅರಳೆ ಗಂಟುಗಂಟಾಗಿ ಒಂದು ಮೂಲೆಗೆ ಸೇರಿಕೊಂಡಿದೆ. ತಲೆಯಿಟ್ಟರೆ ಒಂದು ಕಿವಿ ಮೇಲೆ, ಇನ್ನೊಂದು ಪಾತಾಳದಲ್ಲಿ. ತುಮಕೂರಿನಲ್ಲಿ ಫೋಮ್ ಹಾಸಿಗೆಯ ಅಂಗಡಿ ಇಟ್ಟುಕೊಂಡು, ಬಂದ ಗಿರಾಕಿಗೆಲ್ಲ "ಕುತ್ತಿಗೆ ನೋವಿಗೆ ಇದಕ್ಕಿಂತ ಒಳ್ಳೇ ದಿಂಬು ಇಲ್ಲ ಸಾರ್" ಎಂದು ಭಾಷಣ ಬಿಗಿಯುವ ನಾನು, ಮನೆಯಲ್ಲಿ ಈ ಮೂಟೆಯ ಮೇಲೆ ಮಲಗಿ, ಬೆಳಿಗ್ಗೆ ಕತ್ತು ಓರೆ ಮಾಡಿಕೊಂಡೇ ಅಂಗಡಿಯ ಶಟರ್ ಎತ್ತುತ್ತೇನೆ. ಪಕ್ಕದ ಮೊಬೈಲ್ ಅಂಗಡಿಯವನಿಗೆ ಇದೊಂದು ತಮಾಷೆ. "ಏನ್ ನಜೀರಣ್ಣ, ಇವತ್ತೂ ಕುಣಿಗಲ್ ಕಡೇನೇ ನೋಡ್ತಾ ಇದೀರಾ?" ಎಂದು ಕೇಳುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳೇನಿಲ್ಲ.

ಕಳೆದ ವಾರ ಶಾಹಿದಾ ಅದನ್ನು ಹಳೇ ಪೇಪರಿನವನಿಗೆ ಕೊಟ್ಟುಬಿಡೋಣ ಎಂದು ಬಾಗಿಲ ಬಳಿ ಇಟ್ಟಿದ್ದಳು. ನಾನು ಎತ್ತಿಕೊಂಡು ಒಳಗೆ ತಂದೆ. ಅವಳು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಬೇಜಾರಾಯಿತು. ಜಗಳಕ್ಕಾದರೂ ಬಂದಿದ್ದರೆ ಎಲ್ಲ ಹೇಳಿ ಹಗುರಾಗುತ್ತಿದ್ದೆ. ಅವಳಿಗೆ ಹೇಳಲಾಗದ್ದನ್ನು ಈಗ ನಿಮ್ಮ ತಲೆಗೆ ಕಟ್ಟುತ್ತಿದ್ದೇನೆ, ಸಹಿಸಿಕೊಳ್ಳಿ.

ಅದು ನಮ್ಮ ಅಬ್ಬಾ ಕೈಯಾರೆ ಹೊಲಿದ ಕೊನೆಯ ದಿಂಬು. ಅವರು ಕುಣಿಗಲ್ಲಿನಲ್ಲಿ ಹಾಸಿಗೆ, ದಿಂಬು, ರಜಾಯಿ ಮಾಡುತ್ತಿದ್ದರು. ಅರಳೆ ಹಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಕೊತ್ತಗೆರೆ, ಗುಬ್ಬಿ, ಒಮ್ಮೊಮ್ಮೆ ಹಾಗಲವಾಡಿಯವರೆಗೂ ಹೋಗುತ್ತಿದ್ದರು. ಬೀದಿಯ ತುದಿಯಲ್ಲಿ ನಿಂತು ಬಿಲ್ಲಿನ ತಂತಿಯನ್ನು ಟೊಂಯ್ ಎನ್ನಿಸಿದರೆ ಸಾಕು, ಹೆಂಗಸರು ಹಳೇ ಹಾಸಿಗೆ ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅಬ್ಬಾಗೆ ಕೋಪ ಬಂದರೆ ಮಾತ್ರ ಕನ್ನಡ. ಊರೂರ ಹೆಂಗಸರ ಜೊತೆ ಚೌಕಾಸಿ ಮಾಡಿ ಮಾಡಿ, ಜಗಳಕ್ಕೆ ಕನ್ನಡವೇ ಸರಿ ಎಂದು ಅವರ ನಾಲಿಗೆ ತೀರ್ಮಾನ ಮಾಡಿಕೊಂಡಿತ್ತು. "ಬೇಟಾ" ಎಂದರೆ ನಾವು ಹತ್ತಿರ ಹೋಗುತ್ತಿದ್ದೆವು. "ಏನ್ಲಾ ಅದು" ಎಂದರೆ ಹಿತ್ತಲಿಗೆ ಓಡುತ್ತಿದ್ದೆವು.

ಅರಳೆ ಬರುತ್ತಿದ್ದದ್ದು ಬೂರುಗದಕಟ್ಟೆಯಿಂದ. ಕುಣಿಗಲ್ಲಿನ ದೊಡ್ಡ ಕೆರೆಯನ್ನು ನೀವು ನೋಡಿರುತ್ತೀರಿ, ನಾನು ಹೇಳುತ್ತಿರುವುದು ಅದಲ್ಲ. ಕೊತ್ತಗೆರೆ ದಾರಿಯಲ್ಲಿ ಒಳಕ್ಕೆ ಸರಿದರೆ ಒಂದು ಪುಟ್ಟ ಕಟ್ಟೆ ಸಿಗುತ್ತದೆ. ಒಂದು ಬದಿಗೆ ಮಣ್ಣಿನ ಏರಿ, ಅದರ ನಡುವೆ ಗದ್ದೆಗೆ ನೀರು ಬಿಡುವ ತೂಬು. ಎದುರು ದಡದಲ್ಲಿ ಹೊಂಗೆ, ಹುಣಸೆ, ಬೇವು, ಜಾಲಿ ಹೆಣೆದುಕೊಂಡ ಒಂದು ಕಾಡು. ಸುತ್ತಲೂ ತೆಂಗಿನ ತೋಟ, ರಾಗಿ ಹೊಲ ಇರುವಾಗ ಅಷ್ಟೊಂದು ಕಾಡು ಅಲ್ಲಿ ಹೇಗೆ ಉಳಿಯಿತು ಎಂದು ಕೇಳಿದರೆ ಉತ್ತರ ಸುಲಭ. ಅದು ನಮ್ಮ ಖಬರಸ್ತಾನ. ಅಲ್ಲಿನ ಒಂದು ಕಡ್ಡಿಯೂ ಮನೆಯ ಒಲೆಗೆ ಬರಬಾರದು ಎಂಬುದು ನಮ್ಮವರ ಕಟ್ಟುಪಾಡು. ಸುತ್ತಲಿನ ಹಳ್ಳಿಯವರಿಗೂ ಸತ್ತವರ ಸೌದೆ ಬೇಡ. ಹೀಗಾಗಿ ಯಾರೂ ಕೊಡಲಿ ಹಾಕದೆ ಮರಗಳು ತಮ್ಮ ಪಾಡಿಗೆ ಬೆಳೆದವು, ಗೋರಿಗಳು ತಮ್ಮ ಪಾಡಿಗೆ ಪೊದೆಗಳೊಳಗೆ ಮುಳುಗಿದವು. ಉಡ, ಮುಂಗುಸಿ, ನವಿಲು ಎಲ್ಲ ಅಲ್ಲಿ ಮನೆ ಮಾಡಿಕೊಂಡವು.

ಕಾಡಿನ ಕೆಳ ಅಂಚಿನಲ್ಲಿ, ನೀರಿನ ಕಡೆಗೆ, ಒಂದು ಭಾರಿ ಬೂರುಗದ ಮರ. ಬೇಸಿಗೆ ಬಂದರೆ ಕಾಯಿ ಬಿರಿದು ಅರಳೆ ಹಾರಾಡುತ್ತಿತ್ತು. ನಾನೂ ನನ್ನ ಅಕ್ಕನೂ ಅದನ್ನು ಹಿಡಿಯಲು ಓಡಿ, ಮೂಗಿನಲ್ಲಿ, ಬಾಯಲ್ಲಿ, ರೆಪ್ಪೆಯ ಮೇಲೆ ತುಂಬಿಕೊಂಡು, ಸೀನಿ ಸೀನಿ ಒಂದೇ ಮಧ್ಯಾಹ್ನಕ್ಕೆ ಮುದುಕರಾಗಿ ಮನೆಗೆ ಬರುತ್ತಿದ್ದೆವು. ಕಡ್ಡಿ ತರಬಾರದು, ಅರಳೆ ಮಾತ್ರ ತರಬಹುದೇ ಎಂದು ಅಮ್ಮಿ ಅಬ್ಬಾರನ್ನು ಕಾಡುತ್ತಿದ್ದಳು. ಅಬ್ಬಾ ಗಂಭೀರವಾಗಿ, "ಕಡಿದದ್ದು ಕದ್ದದ್ದು, ಹಾರಿ ಬಂದದ್ದು ಅಲ್ಲಾಹು ಕೊಟ್ಟದ್ದು" ಎನ್ನುತ್ತಿದ್ದರು. ಆ ಅರಳೆ ಯಾವ ಮರದ್ದು ಎಂದು ಗಿರಾಕಿಗಳಿಗೆ ಮಾತ್ರ ಎಂದೂ ಹೇಳಲಿಲ್ಲ. ಗುಬ್ಬಿಯಲ್ಲೂ ಹಾಗಲವಾಡಿಯಲ್ಲೂ ಎಷ್ಟೋ ಜನ ನಮ್ಮ ಹಿರಿಯರ ನೆತ್ತಿಯ ಮೇಲಿನ ಅರಳೆಗೆ ತಲೆಕೊಟ್ಟು ಗೊರಕೆ ಹೊಡೆದಿದ್ದಾರೆ. ಯಾರೂ ದೂರು ತಂದದ್ದು ನೆನಪಿಲ್ಲ.

ಅಮ್ಮಿ ತೀರಿಕೊಂಡದ್ದು ಬರದ ಕಾಲದಲ್ಲಿ. ಕಟ್ಟೆ ಒಣಗಿ ಹೋಗಿ ವರ್ಷಗಳೇ ಆಗಿದ್ದವು. ಮೇಲಿನ ಖಬರಸ್ತಾನದ ನೆಲವೆಲ್ಲ ಕಲ್ಲು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಕೆಳಗೆ ಕಟ್ಟೆಯ ಕಡೆಗೆ ಮಣ್ಣು ಮೆತ್ತಗೆ. ಹಾಗಾಗಿ ಗೋರಿ ತೋಡುವವರು ವರ್ಷದಿಂದ ವರ್ಷಕ್ಕೆ ಒಂದೊಂದೇ ಸಾಲು ಕೆಳಕ್ಕೆ ಇಳಿಯುತ್ತಾ ಹೋಗಿದ್ದರು. ಕಟ್ಟೆಗೆ ಮತ್ತೆ ನೀರು ಬಂದೀತು ಎಂದು ಯಾರಿಗೂ ಅನ್ನಿಸಲಿಲ್ಲ, ಅಬ್ಬಾಗೂ ಅನ್ನಿಸಲಿಲ್ಲ. ಅವರೇ ಮುಂದೆ ನಿಂತು ಬೂರುಗದ ಮರದ ಬುಡದ ಹತ್ತಿರ ಅಮ್ಮಿಗೆ ಜಾಗ ತೋರಿಸಿದರು. ಪಕ್ಕದಲ್ಲಿ ಇನ್ನೊಂದು ಜಾಗ ಬಿಡಿಸಿದರು. ನಮ್ಮ ಖಬರಸ್ತಾನದಲ್ಲಿ ಜಾಗ ಕಾದಿರಿಸುವ ಪದ್ಧತಿ ಇಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು, ಅದು ಅಬ್ಬಾರದ್ದು, ರಜಾಕ್ ಸಾಬರದ್ದು ಎಂದು.

ಅಲ್ಲಿಂದ ಮುಂದೆ ಅಬ್ಬಾಗೆ ಆ ಜಾಗದ ಹೊರತು ಬೇರೆ ಆಸೆ ಇದ್ದದ್ದನ್ನು ನಾನು ನೋಡಲಿಲ್ಲ. ಅಕ್ಕ ಮದುವೆಯಾಗಿ ಗುಬ್ಬಿಗೆ ಹೋದಳು, ನಾನು ತುಮಕೂರಿಗೆ ಬಂದು ಫೋಮ್ ಅಂಗಡಿ ತೆರೆದೆ, ಅಬ್ಬಾರನ್ನೂ ಕರೆತಂದೆ. ಮಗ ಫೋಮ್ ಮಾರುವುದನ್ನು ಅವರು ಎಂದೂ ಒಪ್ಪಲಿಲ್ಲ. "ಇದು ಹಾಸಿಗೆ ಅಲ್ಲ, ಬನ್ನು" ಎಂದು ಗಿರಾಕಿಯ ಎದುರಿಗೇ ಹೇಳಿ ನನ್ನ ವ್ಯಾಪಾರ ಕೆಡಿಸಿದ್ದೂ ಉಂಟು. ಪ್ರತಿ ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋಗಿ, ಜುಮಾ ನಮಾಜು ಮುಗಿಸಿ, ಕಟ್ಟೆಗೆ ನಡೆದು, ಅಮ್ಮಿಯ ಹತ್ತಿರ ಕೂತು ಬರುತ್ತಿದ್ದರು. ಅವರಿಗೆ ವಯಸ್ಸಾದ ಮೇಲೆ ನಾನೂ ಜೊತೆಗೆ ಹೋಗತೊಡಗಿದೆ. ಅವರು ಫಾತಿಹಾ ಪ್ರಾರ್ಥನೆ ಓದಿ, ಪಕ್ಕದ ಖಾಲಿ ಜಾಗದಲ್ಲಿ ಬೆಳೆದ ಹುಲ್ಲನ್ನು ಕಿತ್ತು ಸ್ವಚ್ಛ ಮಾಡುತ್ತಿದ್ದರು. ಆ ಕೆಲಸ ನೋಡುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಅವರಿಗೆ ಮಾತ್ರ ಮನೆಯ ಅಂಗಳ ಗುಡಿಸಿದಷ್ಟೇ ಸಹಜ.

ಆಮೇಲೆ ನೀರು ಬಂತು. ಮಳೆಯಿಂದಲ್ಲ, ನಾಲೆಯಿಂದ. ಒಣಗಿದ ಕೆರೆಕಟ್ಟೆಗಳಿಗೆಲ್ಲ ನಾಲೆಯ ನೀರು ಹರಿಸುವ ಯೋಜನೆಯಂತೆ. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತು. ಅಬ್ಬಾ ಕೂಡ ಅವತ್ತು ಖುಷಿಯಾಗಿ ಅಲ್ಲಿದ್ದವರಿಗೆಲ್ಲ ಟೀ ಕುಡಿಸಿದರು. ನೀರು ಬಂತಲ್ಲ ಎಂದು ಎಲ್ಲರೂ ಕುಣಿದರು, ಎಲ್ಲಿಯವರೆಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಅದು ಬೂರುಗದ ಬುಡ ಮುಟ್ಟಿತು, ಕೆಳಗಿನ ಸಾಲುಗಳನ್ನು ಮುಟ್ಟಿತು, ಒಂದು ಶುಕ್ರವಾರ ಹೋದಾಗ ಅಮ್ಮಿಯ ತಲೆಗಲ್ಲು ಕಾಣಲಿಲ್ಲ.

"ಬೇಸಿಗೆಗೆ ಇಳಿಯುತ್ತೆ" ಎಂದರು ಅಬ್ಬಾ. ಬೇಸಿಗೆ ಬಂತು, ನೀರು ಇಳಿಯಲಿಲ್ಲ. ಇಳಿದಷ್ಟನ್ನು ನಾಲೆ ತುಂಬುತ್ತಿತ್ತು.

ನೀರಿನ ಹಿಂದೆಯೇ ಹಕ್ಕಿಗಳು ಬಂದವು. ನನಗೆ ಹಕ್ಕಿಗಳ ಜ್ಞಾನ ಅಷ್ಟಕ್ಕಷ್ಟೇ. ಬೆಳ್ಳಗಿದ್ದು ಕಾಲು ಉದ್ದ ಇದ್ದರೆ ಕೊಕ್ಕರೆ, ಕಪ್ಪಗಿದ್ದು ಕೂಗಿದರೆ ಕಾಗೆ ಎನ್ನುವ ಪೈಕಿ ನಾನು. ಅಲ್ಲಿಗೆ ಬರುತ್ತಿದ್ದ ಕ್ಯಾಮೆರಾದ ಹುಡುಗರಿಂದ ನಾಲ್ಕು ಹೆಸರು ಕಲಿತೆ. ತಲೆಯ ಮೇಲೆ ಬಿಳಿ ನಾಮ ಇಟ್ಟುಕೊಂಡು ಈಜುವುದು ನಾಮದ ಕೋಳಿ. ನೋಡುತ್ತಿದ್ದ ಹಾಗೇ ಮುಳುಗಿ ಇನ್ನೆಲ್ಲೋ ಏಳುವುದು ಗುಳುಮುಳುಕ. ತಾವರೆ ಎಲೆಯ ಮೇಲೆ ನಡೆದಾಡಿ, ಅಲ್ಲೇ ಮೊಟ್ಟೆಯಿಡುವುದು ದೇವನಕ್ಕಿ. ನೀರುಕಾಗೆಗೆ ಅಬ್ಬಾ ಬೇರೆಯೇ ಹೆಸರು ಇಟ್ಟಿದ್ದರು. ಕರಿ ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಕೂತ ಅವುಗಳನ್ನು ನೋಡಿ, "ನೋಡೋ, ಕುಣಿಗಲ್ ಕೋರ್ಟಿನ ವಕೀಲರು ಕೋಟು ಒಣಗಿಸ್ತಾ ಇದಾರೆ" ಎನ್ನುತ್ತಿದ್ದರು. ಸ್ವಲ್ಪ ದಿನದಲ್ಲಿ ಅರಣ್ಯ ಇಲಾಖೆಯವರು ಬಂದು ಬೇಲಿ ಹಾಕಿ, ಕಟ್ಟೆಯನ್ನೂ ಕಾಡನ್ನೂ ಸೇರಿಸಿ ಪಕ್ಷಿಧಾಮ ಎಂದು ಬೋರ್ಡು ನೆಟ್ಟರು. ಖಬರಸ್ತಾನಕ್ಕೆ ಹೋಗಲು ಒಂದು ಗೇಟು ಬಿಟ್ಟರು. ಅವರದೇನೂ ತಪ್ಪಿಲ್ಲ. ಹಕ್ಕಿಗೆ ಜಾಗ ಬೇಕಿತ್ತು, ಜಾಗ ಕೊಟ್ಟರು.

ಆದರೆ ಬೂರುಗದ ಮರ ಸತ್ತಿತು. ಅದು ಚಳಿಗಾಲಕ್ಕೆ ಎಲೆ ಉದುರಿಸುವ ಮರವಾದ್ದರಿಂದ ನಮಗೆ ತಕ್ಷಣ ಗೊತ್ತಾಗಲಿಲ್ಲ. ಹೂ ಬಿಡಲಿಲ್ಲ, ಕಾಯಿ ಬಿಡಲಿಲ್ಲ. ಮಳೆಗಾಲ ಬಂದು ಬೇರೆ ಮರಗಳೆಲ್ಲ ಹಸಿರಾದ ಮೇಲೂ ಅದು ಹಾಗೇ ನಿಂತಿತ್ತು. "ಕಾಲು ನೀರಲ್ಲಿಟ್ಟುಕೊಂಡು ಎಷ್ಟು ದಿನ ನಿಲ್ಲುತ್ತೆ ಪಾಪ" ಎಂದರು ಅಬ್ಬಾ. ಉಳಿದಿದ್ದ ಹಿಂದಿನ ವರ್ಷದ ಅರಳೆಯನ್ನು ತುಂಬಿ ಅವತ್ತು ರಾತ್ರಿಯೇ ಒಂದು ದಿಂಬು ಹೊಲಿದರು, ಈಗ ನಮ್ಮ ಮನೆಯಲ್ಲಿರುವ ಮೂಟೆ ಅದೇ. ಬೋಳು ಕೊಂಬೆಗಳ ಮೇಲೆ ವಕೀಲರು ಸಾಲಾಗಿ ಕೂತು ಕೋಟು ಒಣಗಿಸುವ ದೃಶ್ಯ ಕ್ಯಾಮೆರಾದವರಿಗೆ ಬಹಳ ಹಿಡಿಸಿತು. ಮರುವರ್ಷ ಯಾರೋ ವ್ಯಾಪಾರಿ ನನ್ನ ಅಂಗಡಿಗೆ ಕೊಟ್ಟ ಕ್ಯಾಲೆಂಡರಿನಲ್ಲಿ ಅದೇ ಚಿತ್ರ. ಕೆಂಪು ಆಕಾಶ, ನಿಂತ ನೀರು, ಸತ್ತ ಮರ. ಬಂದವರೆಲ್ಲ "ಎಷ್ಟು ಚೆನ್ನಾಗಿದೆ" ಎಂದರು. ಆ ನೀರಿನ ಅಡಿಯಲ್ಲಿ ನನ್ನ ತಾಯಿ ಇದ್ದಾಳೆ ಎಂದು ಹೇಗೆ ಹೇಳುವುದು. ಅಬ್ಬಾ ಆ ಕ್ಯಾಲೆಂಡರನ್ನು ನೋಡಿ ಮುಂದಿನ ತಿಂಗಳ ಹಾಳೆಗೆ ತಿರುಗಿಸಿದರು.

ಅವರ ನಿದ್ದೆ ಹೋದದ್ದು ಆಗಲೇ. ಅಮ್ಮಿಯ ಪಕ್ಕದ ಜಾಗವೂ ನೀರಿನೊಳಗೆ ಹೋಗಿತ್ತು. "ನಾನು ಸತ್ತರೆ ಎಲ್ಲಿ ಹಾಕ್ತೀಯ ನನ್ನ?" ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದರು. ಶಾಹಿದಾ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ ಮಾತು ಮರೆಸುತ್ತಿದ್ದಳು. ನಾನು, "ಅಬ್ಬಾ, ಅಷ್ಟೊತ್ತಿಗೆ ನೀರು ಇಳಿಯುತ್ತೆ" ಎನ್ನುತ್ತಿದ್ದೆ.

ಕೊನೆಗೆ ಅವರು ಮರಿಯಪ್ಪನನ್ನು ಹಿಡಿದರು. ಮರಿಯಪ್ಪ ಆ ಕಟ್ಟೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ವಂಶದ ಕೆಲಸ. ಅವನ ಮದುವೆಯ ಹಾಸಿಗೆ ಹೊಲಿದವರು ಅಬ್ಬಾ, ಅದೇ ಸಲುಗೆ.

"ಒಂದು ಮೊಣಕಾಲುದ್ದ ಇಳಿಸಿಕೊಡು ಮರಿಯಪ್ಪ" ಎಂದರು ಅಬ್ಬಾ. "ಆ ಸಾಲು ಕಂಡರೆ ಸಾಕು."

"ತೂಬಿಗೆ ಬೀಗ ಜಡಿದವ್ರೆ ಸಾಬ್ರೇ. ಹಕ್ಕಿ ಮೊಟ್ಟೆ ಇಡೋ ಕಾಲದಾಗೆ ನೀರು ಇಳಿಸ್ಬಾರದಂತೆ. ಕೀಲಿ ನನ್ ತಾವೇ ಐತೆ, ತಿರುವೋ ಅಪ್ಪಣೆ ಇಲ್ಲ."

"ನಾನು ಇವತ್ತೋ ನಾಳೆಯೋ ಅನ್ನೋ ಮುದುಕ ಕಣೋ. ನೀರೊಳಗೆ ಗುಂಡಿ ತೋಡ್ತಾರೇನೋ?"

ಮರಿಯಪ್ಪ ಏರಿಯ ಮೇಲೆ ಕೂತು ಬೀಡಿ ಹಚ್ಚಿದ. ಅದನ್ನು ಪೂರ್ತಿ ಸೇದಿ ಮುಗಿಸಿದ. ಆಮೇಲೆ, "ಬುಡಿ ಸಾಬ್ರೇ, ನೋಡನ" ಎಂದ.

ಮುಂದಿನ ಶುಕ್ರವಾರ ಹೋದಾಗ ನೀರು ಇಳಿದಿತ್ತು. ಅಮ್ಮಿಯ ತಲೆಗಲ್ಲಿನ ತುದಿ ಪಾಚಿ ಹಿಡಿದು ಹಸಿರಾಗಿ ಮೇಲೆ ಕಾಣುತ್ತಿತ್ತು. ಅಬ್ಬಾ ಚಪ್ಪಲಿ ಬಿಟ್ಟು, ಪೈಜಾಮ ಮಡಚಿ, ಕೆಸರಿಗೇ ಇಳಿದುಬಿಟ್ಟರು. ನಾನು ತೋಳು ಹಿಡಿದುಕೊಂಡೆ. ಅಷ್ಟರಲ್ಲಿ ಒಂದು ಹಕ್ಕಿ ನಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತು ಹಾಕತೊಡಗಿತು. ದೇವನಕ್ಕಿ. ನೀರಿನಲ್ಲಿ ತೇಲುತ್ತಿದ್ದ ತಾವರೆ ಎಲೆಗಳೆಲ್ಲ ಈಗ ಕೆಸರಿನ ಮೇಲೆ ಅಂಟಿಕೊಂಡು ಬಿದ್ದಿದ್ದವು. ನೀರು ಇರುವಷ್ಟು ದಿನ ಆ ಮೊಟ್ಟೆಗಳ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಈಗ ಕೆಸರಿನ ತುಂಬ ನಾಯಿಗಳ ಹೆಜ್ಜೆ. ಎಲೆಯ ಮೇಲೆ ಒಡೆದ ಚಿಪ್ಪು, ಅದಕ್ಕೆ ಮುತ್ತಿದ ಇರುವೆ. ಸ್ವಲ್ಪ ಆಚೆ ನಾಮದ ಕೋಳಿಯ ಗೂಡು ಕಿತ್ತು ಹರಡಿ ಬಿದ್ದಿತ್ತು.

ಅಬ್ಬಾ ಅಲ್ಲೇ ನಿಂತರು. ಅಮ್ಮಿಯ ಕಲ್ಲು ಇನ್ನೇನು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವರು ಹಕ್ಕಿಯನ್ನೇ ನೋಡಿದರು, ಆಮೇಲೆ ತಿರುಗಿ ಏರಿಯ ಮೇಲಿದ್ದ ಮರಿಯಪ್ಪನಿಗೆ ಕೂಗಿದರು.

"ಮುಚ್ಚಪ್ಪ ಅದನ್ನ. ನನ್ನ ಹೆಂಡ್ತಿ ಹತ್ರ ಹೋಗೋಕೆ ಇನ್ನೊಬ್ಬಳ ಮನೆ ಮುರಿಬೇಕಾ?"

ಅವರು ಹೀಗೆ ಕನ್ನಡದಲ್ಲಿ ಕೂಗಿದಾಗ ನನಗೆ ಚಿಕ್ಕಂದಿನ ಹಾಗೇ ಹೆದರಿಕೆಯಾಯಿತು. ಕೋಪ ಮರಿಯಪ್ಪನ ಮೇಲಲ್ಲ, ನಾಯಿಗಳ ಮೇಲೂ ಅಲ್ಲ. ತಮ್ಮ ಮೇಲೆ. ಕೆಸರಿನಿಂದ ಅವರ ಕಾಲು ಎಳೆದು ಮೇಲೆ ತರುವುದೇ ಒಂದು ಕೆಲಸವಾಯಿತು.

ಆಮೇಲೆ ಎಷ್ಟೋ ವಾರ ಅವರು ದಡದಲ್ಲೇ ಕೂತು ಫಾತಿಹಾ ಓದಿ ಎದ್ದು ಬರುತ್ತಿದ್ದರು. ಮಳೆಗಾಲದ ಕೊನೆಗೆ, ಕಟ್ಟೆ ಕೋಡಿ ಹರಿಯುವಷ್ಟು ತುಂಬಿದ್ದಾಗ, ಒಂದು ಶುಕ್ರವಾರ ನೀರಿನ ಅಂಚಿನಲ್ಲೇ ನಡೆಯುತ್ತಾ ಹೋದರು. ಒಂದು ಬೇವಿನ ಮರದ ಹತ್ತಿರ ನೀರು ನೆಲಕ್ಕೆ ಮುಗಿಯುವ ಕಡೆ ನಿಂತು, ಕೈಯಲ್ಲಿದ್ದ ಕೋಲನ್ನು ಊರಿ, "ಇಲ್ಲಿ" ಎಂದರು.

"ಇಲ್ಲಿ ಏನು ಅಬ್ಬಾ?"

"ನನ್ನನ್ನ ಇಲ್ಲಿ ಹಾಕು. ನಾನು ಅವಳ ಹತ್ತಿರ ಹೋಗೋಕಾಗಲ್ಲ. ವರ್ಷಕ್ಕೊಂದು ಸಲ ನೀರು ಇಲ್ಲಿಗೆ ಬರುತ್ತಲ್ಲ, ಅವಳೇ ಬರ್ತಾಳೆ."

ನೆಲ ಅಲ್ಲಿ ಬರೀ ಕಲ್ಲು ಎಂದೆ. "ತೋಡೋನು ಬೈಕೋತಾನೆ, ಬೈಕೊಳ್ಳಲಿ ಬಿಡು" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ತುಮಕೂರಿನವರೆಗೆ ನಿದ್ದೆ ಮಾಡಿದರು. ಬಹಳ ದಿನಗಳ ನಂತರದ ನಿದ್ದೆ. ನನ್ನ ಹೆಗಲು ಮರಗಟ್ಟಿತು, ಅಲುಗಾಡಲಿಲ್ಲ.

ಮರುವರ್ಷದ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಬೇವಿನ ಬಳಿಯೇ ತೋಡಿಸಿದೆ. ಅವರು ಹೇಳಿದ ಹಾಗೇ ತೋಡುವವನು ಹಾರೆಗೂ ಕಲ್ಲಿಗೂ ನಮ್ಮ ವಂಶಕ್ಕೂ ಸೇರಿಸಿ ಬೈದ. ಮಣ್ಣು ಮುಚ್ಚಿ ಎಲ್ಲರೂ ಗೇಟಿನ ಕಡೆ ಹೊರಟ ಮೇಲೆ ನಾನು ಸ್ವಲ್ಪ ಹಿಂದೆ ಉಳಿದೆ. ನೀರು ಗೋರಿಯ ಕಾಲಬದಿಯಲ್ಲೇ ಇತ್ತು. ಗಾಳಿ ಬಂದಾಗ ಒಂದು ಸಣ್ಣ ಅಲೆ ಹೊಸ ಮಣ್ಣನ್ನು ಮುಟ್ಟಿ ಹೋಯಿತು. ನಾನು ಇಂಥದ್ದನ್ನೆಲ್ಲ ಅಷ್ಟಾಗಿ ನಂಬುವವನಲ್ಲ. ಆದರೂ ಅವತ್ತು ಅಳು ಬರಲಿಲ್ಲ. ಇಷ್ಟಾದರೂ ಆಯಿತಲ್ಲ ಎನ್ನಿಸಿತು.

ಆ ನೆಮ್ಮದಿ ಬಹಳ ದಿನ ಇರಲಿಲ್ಲ. ನಾಲೆಯ ನೀರಿಗೆ ಮೇಲಿನವರಿಗೂ ಕೆಳಗಿನವರಿಗೂ ಜಗಳವಾಯಿತು. ನಮ್ಮ ಕಟ್ಟೆಯ ಪಾಲು ಎಲ್ಲಿಗೋ ತಿರುಗಿತು. ಮಳೆಯೂ ಕೈಕೊಟ್ಟಿತು. ನೀರು ಮೊದಲು ಬೇವಿನಿಂದ ಹಿಂದೆ ಸರಿಯಿತು, ಆಮೇಲೆ ಸತ್ತ ಬೂರುಗದಿಂದ, ಆಮೇಲೆ ಕಟ್ಟೆಯ ನಡುವಿನ ಒಂದು ಹೊಂಡವಾಯಿತು. ನಾಮದ ಕೋಳಿ ಹೋದವು, ಗುಳುಮುಳುಕ ಹೋದವು, ಕ್ಯಾಮೆರಾದವರೂ ಹೋದರು. ಈ ಸಲ ನಾನು ಹೋದಾಗ ಹೊಂಡವೂ ಇರಲಿಲ್ಲ. ಬಿರುಕು ಬಿಟ್ಟ ಮಣ್ಣಿನ ಮೇಲೆ ಕುರಿಗಳು ಅಡ್ಡಾಡುತ್ತಿದ್ದವು.

ಅಮ್ಮಿಯ ಗೋರಿ ಪೂರ್ತಿ ಹೊರಗೆ ಬಂದಿತ್ತು. ತಲೆಗಲ್ಲು ಸ್ವಲ್ಪ ವಾಲಿದೆ, ಅಷ್ಟೇ. ಹತ್ತಿರ ಹೋಗಿ ಕೂತು, ಕಲ್ಲಿನ ಮೇಲಿನ ಒಣಗಿದ ಪಾಚಿಯನ್ನು ಉಗುರಿನಿಂದ ಕೆರೆದೆ. ಮರಿಯಪ್ಪ ಏರಿ ಇಳಿದು ಬಂದು ಪಕ್ಕದಲ್ಲಿ ನಿಂತ. ಅವನಿಗೂ ಈಗ ಕೆಲಸವಿಲ್ಲ, ಬಿಡುವುದಕ್ಕೆ ನೀರಿಲ್ಲ. ಅವನು ಅಮ್ಮಿಯ ಗೋರಿಯನ್ನು ನೋಡಿದ, ಅದರ ಪಕ್ಕದ ಖಾಲಿ ನೆಲವನ್ನು ನೋಡಿದ, ಆಮೇಲೆ ದೂರದಲ್ಲಿ, ಇಳಿಜಾರಿನ ಆ ತುದಿಗೆ ಕಾಣುವ ಬೇವಿನ ಮರದ ಕಡೆ ನೋಡಿದ.

"ಸಾಬ್ರು ಇನ್ನೊಂದೆರಡು ವರ್ಷ ತಡ್ಕಂಡಿದ್ರೆ, ಇಲ್ಲೇ ಮಲಗ್ಬೌದಿತ್ತು" ಎಂದ.

ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಇದ್ದದ್ದನ್ನು ಹೇಳಿದ. ಅಬ್ಬಾಗಾಗಿ ಬಿಟ್ಟ ಜಾಗ ಹುಲ್ಲೂ ಇಲ್ಲದೆ ಒಣಗಿ ಗಟ್ಟಿಯಾಗಿ ಹಾಗೇ ಇತ್ತು. ಅವರು ಮಾತ್ರ ಅಷ್ಟು ದೂರದಲ್ಲಿ, ಕಲ್ಲಿನ ನೆಲದಲ್ಲಿ, ನೀರು ಬರುತ್ತದೆ, ಅವಳು ಬರುತ್ತಾಳೆ ಎಂದು ಕಾಯುತ್ತಿದ್ದರು. ಬರುವುದಿಲ್ಲ ಎಂದು ಹೇಳಬೇಕಾದರೆ ನಾನೇ ಹತ್ತಿ ಹೋಗಿ ಹೇಳಬೇಕು.

ಅವತ್ತು ಮೇಲಕ್ಕೆ ಹೋಗಲಿಲ್ಲ. ಅಮ್ಮಿಯ ಬಳಿಯೇ ನಿಂತು, ಇಬ್ಬರಿಗೂ ಸೇರಿಸಿ ಫಾತಿಹಾ ಓದಿ, ಬೇವಿನ ಕಡೆ ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದೆ.